ಮೂಲೆಯ ಚಿನ್ನದ ತ್ರಿಕೋನ

ಹನ್ನೊಂದು ಸ್ಕ್ರೂಗಳಲ್ಲಿ ಹತ್ತು ಉದ್ದದವು, ಒಂದು ಗಿಡ್ಡ. ಗಿಡ್ಡದ್ದು ಕೂರಬೇಕಾದ ತೂತು ಬಲಗಡೆಯ ಮುಂದಿನ ಮೂಲೆಯಲ್ಲಿದೆ. ಅಲ್ಲಿ ತಪ್ಪಿ ಉದ್ದದ್ದನ್ನು ಬಿಗಿದರೆ ಅದರ ತುದಿ ಮೇಲೆ ಅಂಗೈ ಊರುವ ಹಲಗೆಯನ್ನು ಒಳಗಿನಿಂದ ಒತ್ತಿ ಉಬ್ಬಿಸಿಬಿಡುತ್ತದೆ. ಆದ್ದರಿಂದ ಅವನು ಹನ್ನೊಂದನ್ನೂ ಅಯಸ್ಕಾಂತದ ತಟ್ಟೆಯ ಮೇಲೆ, ಲ್ಯಾಪ್‌ಟಾಪಿನ ತಳದಲ್ಲಿ ಅವು ಇದ್ದ ಆಕಾರದಲ್ಲಿಯೇ ಜೋಡಿಸಿಟ್ಟು ಎಣಿಸಿದ. ಮತ್ತೆ ಎಣಿಸಿದ. ಮೂರನೆಯ ಸಲ ಎಣಿಸುವಾಗ, ತಾನು ಎಣಿಸುತ್ತಿರುವುದು ಎಣಿಕೆ ತಪ್ಪೀತೆಂಬ ಅಂಜಿಕೆಯಿಂದಲ್ಲ, ಎಣಿಸುವುದಕ್ಕೆ ಕೈ ಬೇಕಾಗುವುದಿಲ್ಲವೆಂಬ ಕಾರಣಕ್ಕೆ ಎಂದು ಹೊಳೆದು ಬಲಗೈಯನ್ನು ತೊಡೆಯ ಕೆಳಗೆ ಸೇರಿಸಿಕೊಂಡು ಕೂತ. ಮೇಜಿನ ಮೇಲೆ ಮಗಳ ಗೇಮಿಂಗ್ ಲ್ಯಾಪ್‌ಟಾಪ್ ಹೊಟ್ಟೆ ತೆರೆದು ಬಿದ್ದಿತ್ತು. ಪಕ್ಕದಲ್ಲಿ ಅವಳೇ ಎಲ್ಲಿಂದಲೋ ಹುಡುಕಿ ತಂದಿದ್ದ, ಅದೇ ಕುಲದ ಇನ್ನೊಂದು ಸತ್ತ ಬೋರ್ಡು. ಅದರ ನಡುವೆ, ಇದರಲ್ಲಿರುವುದಕ್ಕಿಂತ ಒಂದು ದರ್ಜೆ ಮೇಲಿನ ಪ್ರೊಸೆಸರ್. ಬೆಳಿಗ್ಗೆ ಎರಡನ್ನೂ ಮೇಜಿನ ಮೇಲಿಟ್ಟು ಅವಳು, “ಇದನ್ನ ಕಿತ್ತು ಅಲ್ಲಿಗೆ ಹಾಕು ಅಪ್ಪ, ಅಷ್ಟೆ. ಅರ್ಜೆಂಟೇನಿಲ್ಲ. ಶನಿವಾರ ಟ್ರಯಲ್ ಇದೆ” ಎಂದು ಹೇಳಿ ಹೊರಟುಹೋಗಿದ್ದಳು. ಅರ್ಜೆಂಟಿಲ್ಲ ಎನ್ನುತ್ತಲೇ ದಿನ ಗೊತ್ತುಮಾಡುವುದು ಅವಳಿಗೆ ತಾಯಿಯಿಂದ ಬಂದದ್ದು.

ಐದು ಜನರ ತಂಡವೊಂದರಲ್ಲಿ ಖಾಲಿಯಿರುವ ಒಂದು ಜಾಗಕ್ಕೆ ಅವಳು ಆಡಿ ತೋರಿಸಬೇಕಿತ್ತು. ಆಟದ ಬಿರುಸಿನಲ್ಲಿ, ಎಲ್ಲರೂ ಒಮ್ಮೆಗೇ ಮೈಮೇಲೆ ಬೀಳುವ ಹೊತ್ತಿಗೆ ಸರಿಯಾಗಿ, ಅವಳ ಲ್ಯಾಪ್‌ಟಾಪ್ ಕಣ್ಣು ಮಿಟುಕಿಸುವಷ್ಟು ಕಾಲ ನಿಂತುಬಿಡುತ್ತದೆ. ಆ ಒಂದು ಮಿಟುಕಿನಲ್ಲಿ ಅವಳು ಸತ್ತಿರುತ್ತಾಳೆ. ಹಾಗೆ ನಿಂತ ನಿಲುವಿನಲ್ಲೇ ನಿಲ್ಲುವವಳೆಂದು ಜೊತೆಯವರು ಅವಳಿಗೆ ‘ಫೋಟೋ’ ಎಂದು ಹೆಸರಿಟ್ಟಿದ್ದರು. ಅವಳು ಇದನ್ನು ನಗುನಗುತ್ತಲೇ ಹೇಳಿದ್ದಳು, “ಫೋಟೋ ಬಂದ್ಲು, ಫೋಟೋ ಸತ್ಲು ಅಂತಾರಪ್ಪ.” ಅವನಿಗೆ ನಗು ಬಂದಿರಲಿಲ್ಲ. ಗೋಡೆಯ ಮೇಲಿರುವ ತನ್ನ ಅಪ್ಪನ ಫೋಟೋದ ಕಡೆಗೆ ಕಣ್ಣು ತಾನಾಗಿ ಹೋಗಿತ್ತು. ಅಪ್ಪನ ಬಲಗೈ ಆ ಫೋಟೋದಲ್ಲಿ ಕೋಟಿನ ಜೇಬಿನೊಳಗಿದೆಯೆಂಬುದನ್ನು ಇಷ್ಟು ವರ್ಷಗಳಲ್ಲಿ ಮೊದಲ ಸಲ ಗಮನಿಸಿದ್ದ. ಏಕೆ ಜೇಬಿನೊಳಗೆ? ಶೋಕಿಗೋ, ಅಥವಾ ಅಪ್ಪನಿಗೂ ಕೊನೆಕೊನೆಗೆ—ಕೊನೆಕೊನೆಗೆ ಅಪ್ಪ ಸಹಿ ಹಾಕುವುದನ್ನೇ ಬಿಟ್ಟು, “ನೀನೇ ಹಾಕೋ, ನಿಂದೇ ಚೆನ್ನಾಗಿರುತ್ತೆ” ಅನ್ನುತ್ತಿದ್ದದ್ದು ಸುಮ್ಮನೆ ಹೊಗಳಿಕೆಯಾಗಿರಲಿಲ್ಲವೇ?

ಅವನಿಗೆ ಶುರುವಾದದ್ದು ನಾಲ್ಕು ತಿಂಗಳ ಹಿಂದೆ, ಟೀ ಲೋಟದಲ್ಲಿ. ಲೋಟದೊಳಗೆ ಸಣ್ಣಸಣ್ಣ ಉಂಗುರಗಳು ನಡುವಿನಿಂದ ಅಂಚಿಗೆ ಹೋಗುವುದನ್ನು ಕಂಡು, ಬೀದಿಯಲ್ಲಿ ಭಾರದ ಲಾರಿ ಹೋಗುತ್ತಿದೆಯೆಂದುಕೊಂಡ. ಕಿಟಕಿಯಿಂದ ಬಗ್ಗಿ ನೋಡಿದರೆ ಬೀದಿ ಖಾಲಿ. ಲೋಟವನ್ನು ಕೆಳಗಿಟ್ಟ, ಉಂಗುರಗಳು ನಿಂತವು. ಎತ್ತಿದ, ಬಂದವು. ಅಂದಿನಿಂದ ಅವನು ಲೋಟವನ್ನು ಅರ್ಧಕ್ಕಿಂತ ಹೆಚ್ಚು ತುಂಬಿಸಗೊಡುವುದಿಲ್ಲ. ಹೆಂಡತಿಗೆ, ಟೀ ಕಡಿಮೆ ಮಾಡಿದ್ದೇನೆ, ಹೊಟ್ಟೆ ಉರಿಯುತ್ತದೆ ಎಂದಿದ್ದಾನೆ. ಪಾಪ, ಅವಳು ಹೊಟ್ಟೆಗೆ ತಂಪೆಂದು ಏನೇನೋ ಮಾಡಿಕೊಡುತ್ತಾಳೆ. ಅವನು ಅದನ್ನೂ ಅರ್ಧ ಲೋಟವೇ ಕುಡಿಯುತ್ತಾನೆ.

ಇಂಥ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್ ಬದಲಾಯಿಸುವುದೆಂದರೆ ಬಲ್ಬು ಬದಲಾಯಿಸಿದಂತಲ್ಲ. ಅದನ್ನು ಬೋರ್ಡಿಗೆ ಬೆಸೆದಿರುತ್ತಾರೆ. ಹೊಟ್ಟೆಯಡಿಯಲ್ಲಿ ಸಾವಿರಕ್ಕೂ ಮಿಕ್ಕ ಬೆಸುಗೆಯ ಗುಂಡುಗಳು, ಒಂದೊಂದೂ ಗಸಗಸೆ ಕಾಳಿಗಿಂತ ಚಿಕ್ಕವು. ಬೋರ್ಡನ್ನು ಕೆಳಗಿನಿಂದಲೂ ಮೇಲಿನಿಂದಲೂ ಹದವಾಗಿ ಕಾಯಿಸಬೇಕು. ಇನ್ನೂರ ಹದಿನೇಳು ಡಿಗ್ರಿ ದಾಟಿದ ಮೇಲೆ ಗುಂಡುಗಳೆಲ್ಲ ಒಮ್ಮೆಗೇ ನೀರಾಗುತ್ತವೆ. ಆಗ, ಆ ಕೆಲವೇ ಕ್ಷಣಗಳಲ್ಲಿ, ಪ್ರೊಸೆಸರಿನ ಚಿಪ್ಪನ್ನು ಅಲುಗದಂತೆ ನೆಟ್ಟಗೆ ಎತ್ತಬೇಕು. ಉಳಿದ ಬೆಸುಗೆಯನ್ನು ತಾಮ್ರದ ಬತ್ತಿಯಿಂದ ಒರೆಸಬೇಕು. ಹೊಸದನ್ನು ಕೂರಿಸುವಾಗ ಅದರ ಒಂದು ಮೂಲೆಯಲ್ಲಿರುವ ಚಿನ್ನದ ಬಣ್ಣದ ಪುಟ್ಟ ತ್ರಿಕೋನವೂ ಬೋರ್ಡಿನ ಮೇಲೆ ಅಚ್ಚಾಗಿರುವ ಗುರುತೂ ಒಂದೇ ಮೂಲೆಗೆ ಬರಬೇಕು. ಬೀದಿಯಲ್ಲಿ ಈ ಕೆಲಸ ಬಲ್ಲವನು ಅವನೊಬ್ಬನೇ. ಅದಕ್ಕೇ ಅವನನ್ನು ಎಲ್ಲರೂ ಕೈಗುಣದಣ್ಣ ಎನ್ನುವುದು.

ಮಗಳು ಹೋದ ಕೂಡಲೇ, ರಜೆಯ ದಿನವೆಂದು ಮುಚ್ಚಿದ್ದ ಅಂಗಡಿಯಿಂದ ಹೀಟರನ್ನು ಮನೆಗೇ ಹೊತ್ತು ತಂದು, ಗುಜರಿ ಬೋರ್ಡೊಂದರ ಮೇಲೆ ಪ್ರಯೋಗ ಮಾಡಿ ನೋಡಿದ್ದ. ಅಂಕಿ ಏರಿತು. ನೂರೈವತ್ತು. ನೂರ ತೊಂಬತ್ತು. ಅಂಕಿಯ ಜೊತೆಗೆ ಎದೆಯ ಬಡಿತವೂ ಏರುತ್ತಿದೆಯೆಂದೂ, ಬಡಿತದ ಜೊತೆಗೆ ಕೈಯೆಂದೂ ಗೊತ್ತಾಗುತ್ತಿತ್ತು. ಇನ್ನೂರ ಹದಿನೇಳು ದಾಟಿತು. ಎತ್ತಿದ. ಚಿಪ್ಪು ಚೆನ್ನಾಗಿಯೇ ಬಂತು. ಆದರೆ ಕೆಳಗೆ, ಭೂತಗನ್ನಡಿಯಲ್ಲಿ, ಒಂದು ಅಂಚಿನುದ್ದಕ್ಕೂ, ಗುಂಡುಗಳು ಕೂರುವ ತಾಮ್ರದ ಚುಕ್ಕೆಗಳು ಬುಡಸಹಿತ ಕಿತ್ತುಬಂದಿದ್ದವು. ಎತ್ತುವಾಗ ಕೈ ಒಂದು ಕೂದಲೆಳೆಯಷ್ಟು ಓರೆ ಹೋಗಿತ್ತು, ಅಷ್ಟೆ. ಎರಡನೆಯ ಬೋರ್ಡಿನಲ್ಲಿ ಒಂದೂ ಕಿತ್ತುಬರಲಿಲ್ಲ. ಸಂತೋಷಕ್ಕೆ ಕಣ್ಣು ಒದ್ದೆಯಾಯಿತು. ಮೂರನೆಯದರಲ್ಲಿ ಮೊದಲಿನದಕ್ಕಿಂತ ಹೆಚ್ಚು ಕಿತ್ತುಬಂದವು. ಒಳಗಿನಿಂದ ಹೆಂಡತಿಯ ಧ್ವನಿ: “ರೀ, ಏನ್ ಸುಡ್ತಿದೀರಿ? ಮನೆಯೆಲ್ಲ ಘಾಟು. ಬೀದೀಲಿ ಸಾಲದು ಅಂತ ಇಲ್ಲೂ ಅಂಗಡಿ ಇಟ್ರಾ?” ಅವನು ಮೂರು ಬೋರ್ಡುಗಳನ್ನೂ ಹಳೆಯ ಪತ್ರಿಕೆಯಲ್ಲಿ ಸುತ್ತಿ ಮಂಚದಡಿಗೆ ತಳ್ಳಿದ. ತಳ್ಳುವಾಗ, ಇದು ಕದ್ದು ಏನನ್ನೋ ತಿಂದವನು ಸಿಪ್ಪೆ ಬಚ್ಚಿಡುವ ರೀತಿಯೆಂದು ಅನ್ನಿಸಿ, ಐವತ್ತಮೂರು ವರ್ಷದ ತನ್ನ ಬಗ್ಗೆ ಹೇಸಿಗೆಯಾಯಿತು.

ನಿನ್ನೆ ಅಂಗಡಿಯಲ್ಲೂ ಅಷ್ಟೇ. ಎದುರಿನ ಅಂಗಡಿಯ ಪರದೆಯವನು, ಅಂದರೆ ಒಡೆದ ಪರದೆಗಳನ್ನಷ್ಟೇ ಬದಲಾಯಿಸಿ ಹೊಟ್ಟೆ ಹೊರೆಯುವ ಗೆಳೆಯ, ಹೊಸ ಗಿರಾಕಿಯೊಬ್ಬಳನ್ನು ಕರೆತಂದು ಮತ್ತೆ ಕೈಗುಣದಣ್ಣನ ಹಳೆಯ ಕಥೆ ಎತ್ತಿದ್ದ. ಬೀದಿಯಲ್ಲಿ ಅದಕ್ಕೆ, ಹೇಳುವವರಿಗೆ ತಕ್ಕಂತೆ, ಎರಡು ಪಾಠಗಳಿವೆ. ಎರಡರಲ್ಲೂ ಆರಂಭ ಒಂದೇ: ನಾಟಕಕ್ಕೆ ಬೆಳಕು ಬಿಡುವವನೊಬ್ಬ, ಅಂದು ಸಂಜೆಯೇ ಪ್ರದರ್ಶನ, ಬೆಳಕಿನ ಲೆಕ್ಕವೆಲ್ಲ ಲ್ಯಾಪ್‌ಟಾಪಿನೊಳಗೆ, ಲ್ಯಾಪ್‌ಟಾಪ್ ಸತ್ತಿದೆ, ಮೂರು ಅಂಗಡಿಯವರು ಕೈಚೆಲ್ಲಿದ್ದಾರೆ. ಮೊದಲನೆಯ ಪಾಠದಲ್ಲಿ ಕೈಗುಣದಣ್ಣ ಊಟ ಬಿಟ್ಟು ಕೂತು, ಭೂತಗನ್ನಡಿಯನ್ನೂ ಪಕ್ಕಕ್ಕಿಟ್ಟು, ಕಣ್ಣು ಮುಚ್ಚಿಕೊಂಡು, ಬರಿಯ ಬೆರಳಿನ ಅಂದಾಜಿನಲ್ಲಿ ಚಿಪ್ಪು ಕೂರಿಸುತ್ತಾನೆ. ಎರಡನೆಯದು ಪರದೆಯವನಿಗೆ ಪ್ರಿಯವಾದದ್ದು. ಅದರಲ್ಲಿ ಬ್ಯಾಟರಿ ಜೋಡಿಸುವ ಮೊದಲೇ ದೀಪ ಹತ್ತಿಕೊಳ್ಳುತ್ತದೆ.

“ಬ್ಯಾಟರಿ ಇಲ್ದೆ ಹೆಂಗ್ ಹತ್ತುತ್ತೆ?” ಎಂದಿದ್ದಳು ಗಿರಾಕಿ.

“ಅದೇ ಅಮ್ಮ ನಾನೂ ಕೇಳಿದ್ದು! ಇಪ್ಪತ್ತು ವರ್ಷ ಆಯ್ತು, ಈ ಮಹಾರಾಯ ಇನ್ನೂ ಬಾಯಿ ಬಿಟ್ಟಿಲ್ಲ. ಎಲ್ಲಿ, ಅಣ್ಣ, ಕೈ ತೋರಿಸು. ನೋಡಿಯಮ್ಮ ಈ ಕೈ. ಅಯ್ಯೋ, ತೋರ್ಸಣ್ಣ, ಹೊಸ ಮದುಮಗಳ ಥರ ಬಚ್ಚಿಟ್ಕೋತೀಯಲ್ಲ!”

ಅವನು ಜೇಬಿನಿಂದ ಎಡಗೈಯನ್ನು ತೆಗೆದು ತೋರಿಸಿದ್ದ. ಗಿರಾಕಿ ನಕ್ಕಳು, ಪರದೆಯವನು ನಕ್ಕ. ಬಲಗೈ ಇನ್ನೊಂದು ಜೇಬಿನೊಳಗೆ, ಬಲೆಗೆ ಬಿದ್ದ ಹಕ್ಕಿಯ ಹಾಗೆ, ಸ್ಕ್ರೂಡ್ರೈವರಿನ ಹಿಡಿಯನ್ನು ತಟತಟ ತಟ್ಟುತ್ತಿತ್ತು. ಅವಳಿಗೆ ಕೇಳಿಸಿತೇ? ಹೋಗುವಾಗ ಅವಳು ಲ್ಯಾಪ್‌ಟಾಪನ್ನು ಅಂಗಡಿಯಲ್ಲಿ ಬಿಡದೆ, “ಮನೇಲಿ ಕೇಳ್ಕೊಂಡು ಬರ್ತೀನಿ” ಎಂದದ್ದು ಏಕೆ?

ಮೂರನೆಯ ಪಾಠವೊಂದಿದೆ. ಅದು ಅವನೊಬ್ಬನಿಗೇ ಗೊತ್ತು. ಅದರಲ್ಲಿ ಕಣ್ಣು ತೆರೆದೇ ಇತ್ತು. ಬೆಳಕಿನವನು ತಲೆಯ ಮೇಲೆಯೇ ನಿಂತು ಆಯಿತೇ ಆಯಿತೇ ಎನ್ನುತ್ತಿದ್ದ. ಆ ಕಾಲದ ಚಿಪ್ಪು ಚೌಕ, ನಾಲ್ಕು ದಿಕ್ಕಿನಲ್ಲಿ ಹೇಗಿಟ್ಟರೂ ಕೂರುವಂಥದ್ದು. ಬೆಸುಗೆಗೆ ಹಚ್ಚಿದ ಫ್ಲಕ್ಸಿನ ಒಂದು ತೊಟ್ಟು ಚಿಪ್ಪಿನ ಮೂಲೆಯಲ್ಲಿ ಕಂದಿ, ದೀಪದ ಕೆಳಗೆ ಹೊಳೆಯುತ್ತಿತ್ತು. ಅವನು ಅದನ್ನೇ ಚಿನ್ನದ ತ್ರಿಕೋನವೆಂದುಕೊಂಡ. ಚಿಪ್ಪು ಕಾಲು ಸುತ್ತು ತಿರುಗಿ ಕೂತಿತು. ಗುಂಡಿ ಒತ್ತಿದಾಗ ದೀಪ ಹತ್ತಲಿಲ್ಲ; ಸಣ್ಣದೊಂದು ‘ಚಟ್’, ಒಂದೆಳೆ ಹೊಗೆ. ಬೆಳಕಿನವನು ಆಗ ಟೀ ಕುಡಿಯಲು ಹೋಗಿದ್ದ. ಕಪಾಟಿನಲ್ಲಿ ಅದೇ ಮಾಡೆಲಿನ ಇನ್ನೊಂದು ಲ್ಯಾಪ್‌ಟಾಪ್ ಇತ್ತು, ಒಬ್ಬ ಟೀಚರಮ್ಮನದು. ಅದರ ಕಾಯಿಲೆ ಏನೂ ಅಲ್ಲ. ಎಳ್ಳು ಕಾಳಿನಷ್ಟು ಒಂದು ಕೆಪಾಸಿಟರ್ ಹೋಗಿತ್ತು, ಹಿಂದಿನ ದಿನವೇ ಅದನ್ನು ಪತ್ತೆಹಚ್ಚಿ ಗುರುತು ಹಾಕಿಟ್ಟಿದ್ದ. ಹತ್ತು ನಿಮಿಷದಲ್ಲಿ ಅದನ್ನು ಬದಲಾಯಿಸಿ, ಅವಳ ಬೋರ್ಡನ್ನು ಬೆಳಕಿನವನ ಲ್ಯಾಪ್‌ಟಾಪಿಗೆ ಕೂರಿಸಿದ; ಬೆಳಕಿನ ಲೆಕ್ಕವಿದ್ದ ಡಿಸ್ಕು ಇದ್ದಲ್ಲೇ ಉಳಿಯಿತು, ಸುಟ್ಟ ಬೋರ್ಡು ಅವಳದಕ್ಕೆ ಹೋಯಿತು. ಟೀ ಮುಗಿಸಿ ಬಂದವನ ಎದುರಿಗೆ ದೀಪ ಹತ್ತಿತು. ಬೆಳಕಿನವನು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ; ಪರದೆಯವನು ಅದನ್ನು ಕಂಡ; ಕಥೆ ಹುಟ್ಟಿತು. ಮರುದಿನ ಟೀಚರಮ್ಮ ಬಂದಾಗ ಅವನು, “ಇದು ಹೋಯ್ತಮ್ಮ, ಏನೂ ಮಾಡಕ್ಕಾಗಲ್ಲ” ಎಂದ. ಅವಳು ಜಗಳವಾಡಲಿಲ್ಲ. ಮಗುಚಿಟ್ಟಿದ್ದ ಲ್ಯಾಪ್‌ಟಾಪಿನ ಬೆನ್ನನ್ನು ಒಂದು ಸಲ ಸವರಿ, “ನಿಮ್ಮ ಕೈಲೇ ಆಗಲಿಲ್ಲ ಅಂದ್ಮೇಲೆ ಇನ್ಯಾರ ಕೈಲಾಗುತ್ತೆ ಬಿಡಿ. ನಿಮ್ಗೆ ಉಪಯೋಗಕ್ಕೆ ಬಂದ್ರೆ ಇಟ್ಕೊಳ್ಳಿ” ಎಂದು ಹೇಳಿ, ಮೆಟ್ಟಿಲಿಳಿದು, ಮತ್ತೆ ಹತ್ತಿ ಬಂದು, “ತೊಂದರೆ ತಗೊಂಡ್ರಿ, ಥ್ಯಾಂಕ್ಸ್” ಎಂದಳು. ಥ್ಯಾಂಕ್ಸ್ ಹೇಳಲೆಂದೇ ಹತ್ತಿ ಬಂದಿದ್ದಳು. ಆ ಮೂರು ಮೆಟ್ಟಿಲುಗಳ ಸದ್ದು ಅವನಿಗೆ ಈಗಲೂ ಕೇಳಿಸುತ್ತದೆ. ಯಾರಾದರೂ ಅಂಗಡಿಯ ಮೆಟ್ಟಿಲಿಳಿದು ಮತ್ತೆ ಹತ್ತಿದರೆ ಬೆನ್ನು ತಣ್ಣಗಾಗುತ್ತದೆ.

ಮಗಳು ಆ ಕಥೆ ಕೇಳಿಯೇ ಊಟ ಮಾಡಿ ಬೆಳೆದವಳು. ಅವಳಿಗೆ ಮೊದಲನೆಯ ಪಾಠವೇ ಬೇಕು, ಕಣ್ಣು ಮುಚ್ಚುವುದು. ತುತ್ತಿಗೊಂದು ಸಾಲು. ಅವಳು ಹೂಂ ಎಂದರೆ ಮುಂದಿನ ಸಾಲು, ಹೂಂ ಎನ್ನದಿದ್ದರೆ ಇಲ್ಲ. ಒಮ್ಮೆ ಹೂಂ ಅಂದಮೇಲೆ ಅಪ್ಪ ನಿಲ್ಲಿಸುವಂತಿಲ್ಲ. ಇದು ಅವರಿಬ್ಬರ ನಿಯಮ. ಬಾಯಲ್ಲಿ ಅನ್ನವಿಟ್ಟುಕೊಂಡೇ ಮೂಗಿನಲ್ಲಿ ಹೂಂಗುಟ್ಟುವುದನ್ನು ಅವಳು ಎರಡನೆಯ ವರ್ಷಕ್ಕೇ ಕಲಿತಿದ್ದಳು. ನೂರು ಸಲ ಅವನು ಆ ಸುಳ್ಳನ್ನು ಅವಳ ಬಾಯಿಗಿಟ್ಟಿದ್ದಾನೆ, ನೂರು ಸಲ ಅವಳು ನುಂಗಿದ್ದಾಳೆ.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದಿಳಿದು ಬೋರ್ಡಿನ ಮೇಲೆ ಬಿತ್ತು. ಇವಳು ಬರುವ ಮುಂಚೆ ಒಂದು ನಿರ್ಧಾರಕ್ಕೆ ಬರಬೇಕು. ಬೇಡವೆನ್ನಲು ಕಾರಣಗಳೇನು ಕಡಿಮೆಯೇ? ದೊಡ್ಡ ಪ್ರೊಸೆಸರ್ ಹೆಚ್ಚು ಕರೆಂಟು ಎಳೆಯುತ್ತದೆ. ಈ ಬೋರ್ಡಿನ ಕರೆಂಟಿನ ದಾರಿ ಅದಕ್ಕೆಂದು ಮಾಡಿದ್ದಲ್ಲ. ಶಾಖ ಸಾಗಿಸುವ ತಾಮ್ರದ ಕೊಳವೆಗಳು ಇದರಲ್ಲಿ ಎರಡೇ. ಫ್ಯಾನುಗಳು ಅರಚಿಕೊಂಡು, ಬಿಸಿಯಾದ ಪ್ರೊಸೆಸರ್ ತಾನೇ ವೇಗ ತಗ್ಗಿಸಿಕೊಂಡು, ಕೊನೆಗೆ ಲಾಭ ಹತ್ತಕ್ಕೆ ಒಂದರಷ್ಟು. ಎಲ್ಲಕ್ಕಿಂತ ಹೆಚ್ಚಾಗಿ, ಆ ಕಣ್ಣು ಮಿಟುಕಿಗೆ ಕಾರಣ ಪ್ರೊಸೆಸರೇ ಅಲ್ಲದಿರಬಹುದು: ಮೆಮೊರಿ ಕೂರುವ ಎರಡು ಜಾಗಗಳಲ್ಲಿ ಒಂದು ಖಾಲಿಯಿದೆ, ಒಂಟೆತ್ತಿನ ಗಾಡಿ ಹಾಗೆಯೇ ಮುಗ್ಗರಿಸುತ್ತದೆ. ಎಲ್ಲವೂ ನಿಜ. ಅವನನ್ನು ಹೆದರಿಸಿದ್ದೇ ಅದು. ನಾಲ್ಕು ತಿಂಗಳ ಹಿಂದೆಯಾಗಿದ್ದರೆ ಇದೇ ಮಾತುಗಳನ್ನು ಅವನು ತಿಳಿವಳಿಕೆಯೆಂದು ಹೇಳುತ್ತಿದ್ದ. ಈಗ ಹೇಳುವವನು ಯಾರು, ಮೂವತ್ತು ವರ್ಷ ಕೆಲಸ ಮಾಡಿದವನೋ, ತೊಡೆಯಡಿಯಲ್ಲಿ ಕೈ ಬಚ್ಚಿಟ್ಟವನೋ? ಇಬ್ಬರ ಧ್ವನಿಯೂ ಒಂದೇ. ಕೈ ಹೋದರೆ ಹೋಗಲಿ, ಅದರ ಹಿಂದೆಯೇ ತನ್ನ ಮಾತಿನ ಮೇಲೆ ತನಗಿದ್ದ ನಂಬಿಕೆಯೂ ಹೊರಟುಹೋಗುತ್ತದೆಯೆಂದು ಅವನು ಎಣಿಸಿರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದು.

“ಆಯ್ತಾ?” ಮಗಳು ಮೇಜಿನ ಹತ್ತಿರ ಬಂದು ಬಗ್ಗಿದಳು. “ಅಯ್ಯೋ, ಶುರುನೇ ಮಾಡಿಲ್ಲ! ಏನಪ್ಪ, ಮುಹೂರ್ತ ನೋಡ್ತಿದೀಯಾ?”

“ಬೆಳಿಗ್ಗೆಯಿಂದ ಅದೇನೋ ಸುಡ್ತಾ ಇದಾರೆ ಕಣೆ,” ಎಂದಳು ಒಳಗಿನಿಂದ ತಾಯಿ. “ಕೇಳಿದ್ರೆ ಉತ್ತರ ಇಲ್ಲ. ನಿಮ್ಮಪ್ಪಂಗೆ ಬೋರ್ಡ್ ಮುಂದೆ ಕೂತ್ರೆ ಕಿವಿ ಕೇಳ್ಸಲ್ಲ.”

ಅವನು ಎಡಗೈಯಿಂದ ಸತ್ತ ಬೋರ್ಡನ್ನು ಪಕ್ಕಕ್ಕೆ ಸರಿಸಿದ. “ಇದರಲ್ಲಿ ಆಗಲ್ಲ ಮಗಳೇ.”

“ಆಗಲ್ಲ ಅಂದ್ರೆ?”

“ಬೋರ್ಡ್ ತಡೆಯಲ್ಲ. ಈ ಮಾಡೆಲ್ಲೇ ಹಾಗೆ. ಹಾಕಿದ್ರೂ ಆನ್ ಆಗಲ್ಲ.”

ಹಾಕಿದರೂ ಆನ್ ಆಗುವುದಿಲ್ಲ ಎಂಬುದು ಮಾತ್ರ ಸುಳ್ಳು. ಅಷ್ಟೊಂದು ನಿಜಗಳಿದ್ದೂ ಅವನ ಮಾತು ಹೋಗಿ ನಿಂತದ್ದು ಅದರ ಮೇಲೆ. ಅವಳು ವಾದ ಮಾಡುತ್ತಾಳೆಂದು, ಎಲ್ಲೆಲ್ಲಿಯೋ ಓದಿದ್ದನ್ನೆಲ್ಲ ಮುಂದಿಡುತ್ತಾಳೆಂದು ಅವನು ಭುಜ ಬಿಗಿಮಾಡಿಕೊಂಡ. ಅವಳು ಒಂದು ಕ್ಷಣ ಬೋರ್ಡನ್ನೇ ನೋಡಿದಳು. ಆಮೇಲೆ ಅಂಗೈಯಿಂದ ಅದರ ಅಂಚನ್ನು ಒಂದು ಸಲ ಸವರಿದಳು.

“ಹೋಗ್ಲಿ ಬಿಡು,” ಎಂದಳು, ಬೇಸರವೂ ಇಲ್ಲದೆ. “ನಿನ್ನ ಕೈಲೇ ಆಗಲ್ಲ ಅಂದ್ರೆ ಇನ್ಯಾರ ಕೈಲೂ ಆಗಲ್ಲ. ಶನಿವಾರ ಫೋಟೋ ಫೋಟೋನೇ ಆಗಿ ಹೋಗ್ತಾಳೆ, ಅಷ್ಟೆ ತಾನೆ?” ನಕ್ಕು ಸ್ಕ್ರೂಡ್ರೈವರ್ ಎತ್ತಿಕೊಂಡು, ತಳದ ಮುಚ್ಚಳವನ್ನು ಕೂರಿಸತೊಡಗಿದಳು.

ತಪ್ಪಿಸಿಕೊಂಡಿದ್ದ. ಎಷ್ಟು ಸುಲಭವಾಗಿ! ಇನ್ನು ಹನ್ನೊಂದು ಸ್ಕ್ರೂ ಬಿಗಿದರೆ ಮುಗಿಯಿತು. ಕೈಯ ಸುದ್ದಿ ಇನ್ನೊಂದು ತಿಂಗಳು, ಇನ್ನೊಂದು ವರ್ಷ ಮುಚ್ಚಿಯೇ ಇರುತ್ತದೆ. ಆದರೆ ಅವನ ಬೆನ್ನು ತಣ್ಣಗಾಯಿತು. ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದು: ಒಂದು, ಎರಡು, ಮೂರು. ಟೀಚರಮ್ಮ ಮತ್ತೆ ಹತ್ತಿ ಬರುತ್ತಿದ್ದಾಳೆ. ಈಗ ಥ್ಯಾಂಕ್ಸ್ ಹೇಳುತ್ತಾಳೆ. ಇವಳೂ ಥ್ಯಾಂಕ್ಸ್ ಹೇಳಿಬಿಟ್ಟರೆ—

“ಅದಿರ್ಲಿ. ಕೂತ್ಕೋ,” ಎಂದ.

“ಕೂತ್ಕೊಂಡೇ ಹಾಕ್ತೀನಿ, ಹೇಳು.”

“ಬೆಳಕಿನವನ ಕಥೆ ಹೇಳ್ತೀನಿ.”

“ಈಗಲಾ? ಊಟ ಆಯ್ತಪ್ಪ ನಂದು.” ನಗುತ್ತಲೇ ತಲೆಯೆತ್ತಿದವಳು ಅವನ ಮುಖ ನೋಡಿ ನಗು ನಿಲ್ಲಿಸಿದಳು. ಅವನು ತೊಡೆಯಡಿಯಿಂದ ಬಲಗೈಯನ್ನು ತೆಗೆದು, ಮೇಜಿನ ಮೇಲೆ, ಬಿಸಿಲಿನಲ್ಲಿ, ಅಂಗೈ ಕೆಳಗಾಗಿ ಇಟ್ಟ. ಇಟ್ಟಲ್ಲಿಯೇ ಅದು ತನ್ನ ಕೆಲಸ ಶುರುಮಾಡಿತು. ಹೆಬ್ಬೆರಳು ಮೇಜನ್ನು ಮೆಲ್ಲಗೆ ತಟ್ಟುತ್ತಿತ್ತು. ತಟ್ಟೆಯ ಮೇಲೆ ಸ್ಕ್ರೂಗಳು ಕಿಣಿಕಿಣಿ ಅಂದವು.

“ಒಂದು ಬೀದೀಲಿ ಒಬ್ಬ ರಿಪೇರಿಯವನಿದ್ದ,” ಎಂದು ಆರಂಭಿಸಿದ.

ಅವಳ ಕಣ್ಣು ಕೈಯ ಮೇಲಿತ್ತು. “ಹೂಂ,” ಎಂದಳು, ಅಭ್ಯಾಸಬಲದಿಂದ, ತೀರ ಸಣ್ಣಗೆ.

ಬೆಳಕಿನವನು ತಲೆಯ ಮೇಲೆ ನಿಂತದ್ದನ್ನು ಹೇಳಿದ. ಹೂಂ. ಫ್ಲಕ್ಸಿನ ತೊಟ್ಟು ಹೊಳೆದದ್ದನ್ನು ಹೇಳಿದ. ಹೂಂ ಬರಲು ತಡವಾಯಿತು. ಚಿಪ್ಪು ತಿರುಗಿ ಕೂತದ್ದು, ಹೊಗೆ. ಅವಳು ಸುಮ್ಮನಿದ್ದಳು. ಹೂಂ ಬಾರದೆ ಮುಂದಿನ ಸಾಲು ಹೇಳುವುದು ನಿಯಮಕ್ಕೆ ವಿರುದ್ಧ. ಆದರೂ ಹೇಳಿದ, ಈಗ ನಿಲ್ಲಿಸಿದರೆ ಇನ್ನೆಂದಿಗೂ ಆಗದೆಂದು ಗೊತ್ತಿದ್ದರಿಂದ. ಕಪಾಟಿನ ಲ್ಯಾಪ್‌ಟಾಪ್. ಎಳ್ಳು ಕಾಳಿನಷ್ಟರ ದೋಷ. ಟೀಚರಮ್ಮ. ಅವಳು ಸವರಿದ್ದು, ಅಂದದ್ದು, ಮೂರು ಮೆಟ್ಟಿಲಿಳಿದು ಮತ್ತೆ ಹತ್ತಿ ಬಂದದ್ದು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಯಾವಾಗಲೋ ನಿಂತುಹೋಗಿತ್ತು. ಹೆಂಡತಿ ಬಾಗಿಲಿನ ಮರೆಯಲ್ಲಿ ನಿಂತಿದ್ದಾಳೆಂದು ನೋಡದೆಯೇ ತಿಳಿಯಿತು. ಕೊನೆಗೆ ಕೈಯ ಬಗ್ಗೆ ಹೇಳಿದ. ಲೋಟ, ಉಂಗುರಗಳು, ಮಂಚದಡಿಯ ಮೂರು ಬೋರ್ಡುಗಳು. ಹೇಳಿ ಮುಗಿಸಿದಾಗ ತನ್ನ ಧ್ವನಿಯೇ ತನಗೆ ಅಪರಿಚಿತವೆನ್ನಿಸಿತು.

ಮಗಳು ತಟ್ಟೆಯಿಂದ ಸ್ಕ್ರೂ ಒಂದನ್ನೆತ್ತಿ ಬಿಗಿದಳು. ಇನ್ನೊಂದು. ಮತ್ತೊಂದು. ಅವನು ಕಾದ. ಬೈದರೆ ತಡೆದುಕೊಳ್ಳಬಹುದಿತ್ತು, ಅತ್ತರೂ. ಬಲಗಡೆಯ ಮುಂದಿನ ಮೂಲೆಯ ಮೇಲೆ ಅವಳು ಉದ್ದದ ಸ್ಕ್ರೂ ಹಿಡಿದಾಗ ಅವನಿಗೆ ತಡೆಯಲಾಗಲಿಲ್ಲ.

“ಅಲ್ಲಿಗೆ ಗಿಡ್ಡದ್ದು.”

ಅವಳು ಕೈ ನಿಲ್ಲಿಸಿದಳು. ಉದ್ದದ್ದನ್ನು ಕೆಳಗಿಟ್ಟಳು. ಗಿಡ್ಡದ್ದನ್ನು ಎತ್ತಿಕೊಳ್ಳಲಿಲ್ಲ.

“ಆನ್ ಆಗಲ್ಲ ಅಂದ್ಯಲ್ಲ. ಅದು?”

“ಆಗುತ್ತೆ. ಬೇರೆಯವರು ಹಾಕಿದ್ರೆ ಆಗುತ್ತೆ. ಆದ್ರೆ ಪ್ರೊಸೆಸರ್ ಬೇಡ. ಬಿಸಿ ತಡೆಯಲ್ಲ, ಲಾಭನೂ ಇಲ್ಲ. ಆ ಖಾಲಿ ಜಾಗಕ್ಕೆ ಇನ್ನೊಂದು ಮೆಮೊರಿ ಹಾಕು. ಕಣ್ಣು ಮಿಟುಕೋದು ನಿಲ್ಲುತ್ತೆ. ಅದನ್ನ ನೀನೇ ಹಾಕಬಹುದು, ಎರಡು ಹೆಬ್ಬೆರಳಲ್ಲಿ ಒತ್ತಿದ್ರೆ ಕೂರುತ್ತೆ.”

ಅವಳು ಮೊದಲ ಸಲ ಅವನ ಕಣ್ಣನ್ನೇ ನೋಡಿದಳು. “ಇದು ನಿಜಾನಾ ಅಪ್ಪ, ಕಥೇನಾ?”

ಅವನು ಬಾಯಿ ತೆರೆದ. ನಿಜ ಎಂಬ ಎರಡಕ್ಷರ ನಾಲಿಗೆಯ ಮೇಲಿತ್ತು. ಈವರೆಗೆ ನಿಜವೆಂದು ಆಡಿದ ಸುಳ್ಳುಗಳೆಲ್ಲ ಅದನ್ನು ಹಿಂದಕ್ಕೆ ಎಳೆಯುತ್ತಿದ್ದವು. ಇನ್ನು ಮುಂದೆ ತಾನು ಇವಳಿಗೆ ಏನು ಹೇಳಿದರೂ, ಹೊರಗೆ ಮಳೆ ಬರುತ್ತಿದೆ ಎಂದರೂ, ಇವಳು ಹೀಗೆ ಒಂದು ಸಲ ನೋಡುತ್ತಾಳೆ. ಅದೇ ಬೆಲೆ. ನಾಲ್ಕು ತಿಂಗಳಿಂದ ಅವನು ಹೆದರಿದ್ದು ಕೈ ಹೋಗುವುದಕ್ಕೆಂದುಕೊಂಡಿದ್ದ. ಅಲ್ಲ, ಇಪ್ಪತ್ತು ವರ್ಷದಿಂದ ಹೆದರಿದ್ದು ಈ ನೋಟಕ್ಕೆ.

“ನಿಜ,” ಎಂದ. “ಹಾಕಿ ನೋಡು. ಸುಳ್ಳಾದ್ರೆ ಶನಿವಾರಕ್ಕಿಂತ ಮುಂಚೇನೇ ಗೊತ್ತಾಗುತ್ತೆ.”

ಅವಳು ಗಿಡ್ಡ ಸ್ಕ್ರೂವನ್ನೆತ್ತಿ ಅದರ ತೂತಿಗೆ ಕೂರಿಸಿ ಬಿಗಿದಳು. ಉಳಿದವನ್ನೂ ಬಿಗಿದು ಮುಗಿಸಿ, ಲ್ಯಾಪ್‌ಟಾಪನ್ನು ಮಗುಚಿ, ತೆರೆದು, ಅವನ ಕಡೆಗೆ ತಿರುಗಿಸಿ ಸರಿಸಿದಳು. ಯಾವ ಬೋರ್ಡಿನ ಕೆಲಸವಾದರೂ ಮೊದಲ ಸಲ ಗುಂಡಿ ಒತ್ತುವವನು ಅವನೇ ಎಂಬುದು ಅಂಗಡಿಯ ಪದ್ಧತಿ. ಅವನು ಎಡಗೈ ಚಾಚಿದ.

“ಆ ಕೈಯಲ್ಲ,” ಎಂದಳು.

ಬಲಗೈ ಹೊರಟಿತು. ಗುಂಡಿಯ ಹತ್ತಿರ ಬಂದಂತೆ ಬೆರಳು ಅದರ ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಅವಳು ನೋಡುತ್ತಿದ್ದಳು, ಬಾಗಿಲಿನಿಂದ ಅವಳ ತಾಯಿ ನೋಡುತ್ತಿದ್ದಳು, ಜೇಬಿನಲ್ಲಿ ಕೈಯಿಟ್ಟುಕೊಂಡು ಗೋಡೆಯ ಮೇಲಿಂದ ಅಪ್ಪ. ಯಾರೂ ನೆರವಿಗೆ ಬರಲಿಲ್ಲ. ಮೂರನೆಯ ಪ್ರಯತ್ನದಲ್ಲಿ ತಾಗಿತು. ದೀಪ ಹತ್ತಿತು, ಹಳೆಯ ಪ್ರೊಸೆಸರಿನ ಮೇಲೆ ಹಳೆಯ ಫ್ಯಾನು ಸುಯ್ಯೆಂದು ತಿರುಗಿತು. ಮೂವರೂ ಆ ಸದ್ದನ್ನು ಕೇಳಿಸಿಕೊಂಡರು.

“ಹೂಂ,” ಎಂದಳು ಮಗಳು.

ಅವನು ತಲೆಯೆತ್ತಿದ. ಅವಳ ಮುಖ ಗಂಟಿಕ್ಕಿಯೇ ಇತ್ತು. ಆದರೆ ಹೂಂ ಅಂದಮೇಲೆ ನಿಲ್ಲಿಸುವಂತಿಲ್ಲ.

“ಆ ಟೀಚರಮ್ಮನ ವಿಳಾಸದ ಚೀಟಿ ಇದೆ,” ಎಂದ ಅವನು. “ಅಂಗಡೀಲಿ, ಕೆಳಗಿನ ಡ್ರಾಯರಲ್ಲಿ. ಎಸೆದಿಲ್ಲ.”